ಆಕಾಶದ ತಗಡಿನ ಬೇಲಿ

ಕಝಕರ ಬಯಲಿನ ಸರಿಬುಲಾಕ್ ಎಂಬ ಊರಿಗೆ ಮೇಲಿನಿಂದ ಬೀಳುವುದನ್ನು ಬಿಟ್ಟರೆ ಬೇರೆ ಫಸಲಿಲ್ಲ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಅದು ಕರಗಿದ ಮೇಲೆ ಮೂರು ವಾರ ಹುಲ್ಲು ಕಾಣುತ್ತದೆ. ಮಿಕ್ಕಂತೆ ಬೀಳುವುದು ರಾಕೆಟ್ಟಿನ ತುಂಡು. ಪಡುವಣಕ್ಕೆ ಲಾರಿಯಲ್ಲಿ ಒಂದು ಹಗಲಿನ ದಾರಿ ಹೋದರೆ ಅವುಗಳನ್ನು ಹಾರಿಸುವ ಮೈದಾನವಿದೆ. ಅಲ್ಲಿಂದ ಎದ್ದದ್ದು ಎರಡು ನಿಮಿಷ ಉರಿದು, ತನ್ನ ಕೆಳಭಾಗವನ್ನು ಕಳಚಿ, ಕಾಲಿಗಂಟಿದ ಸಗಣಿ ಒದರಿದ ಹಾಗೆ ಒದರಿ ಮೇಲಕ್ಕೆ ಹೋಗುತ್ತದೆ. ಮೇಲಕ್ಕೆ ಹೋದದ್ದರ ಚಿತ್ರ ಪೇಪರಿನಲ್ಲಿ ಬರುತ್ತದೆ. ಕೆಳಗೆ ಬಿದ್ದದ್ದು ಸರಿಬುಲಾಕಿನವರ ಕುರಿದೊಡ್ಡಿಗೆ ಸೂರಾಗುತ್ತದೆ, ಒಂಟೆಗೆ ನೀರಿನ ತೊಟ್ಟಿಯಾಗುತ್ತದೆ, ಹಿಮದ ಮೇಲೆ ಎಳೆಯುವ ಜಾರುಬಂಡಿಯಾಗುತ್ತದೆ.

ಉರ್ಕಿಯಾ ಅದನ್ನು ಗಂಡನ ಗೋರಿಗೆ ಬೇಲಿ ಮಾಡಿದಳು. ಊರೆಲ್ಲ ನೋಡಿ ತಲೆದೂಗಿದ ಬೇಲಿ ಅದು. ನಲವತ್ತನೆಯ ದಿನದ ಊಟ ಮುಗಿದ ಮೇಲೆ ಬಂದ ಮೊದಲ ಶುಕ್ರವಾರ, ನಡುಮಧ್ಯಾಹ್ನ, ಒಲೆಯ ಮುಂದೆ ನಿಂತು ಕಿಟಕಿಯಾಚೆ ನೋಡಿದರೆ ಆ ಬೇಲಿಯ ಹೊರಗೆ ಗಂಡ ಕುಕ್ಕುರುಗಾಲಲ್ಲಿ ಕೂತಿದ್ದ. ಇವಳ ಕಡೆಗೆ ಬೆನ್ನು.

ಅವಳು ಕಿರುಚಲಿಲ್ಲ. ಕಿರುಚುವ ಹೆಂಗಸಲ್ಲ. ಬಾಣಲೆಯಲ್ಲಿದ್ದ ರೊಟ್ಟಿ ಸೀದು ಕಪ್ಪಾಯಿತು, ಅಷ್ಟೆ.

ಯುದ್ಧ ಮುಗಿದ ಮರುವರ್ಷ ಹುಟ್ಟಿದವಳು ಉರ್ಕಿಯಾ. ಹದಿನೆಂಟಕ್ಕೇ ಸರ್ಕಾರಿ ಹೊಲದ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿತು, ಇಪ್ಪತ್ತೆಂಟು ವರ್ಷ ನೇಗಿಲು, ಬಕೆಟ್ಟು, ಬಾಗಿಲು, ತೊಟ್ಟಿಲು, ಏನು ಮುರಿದರೂ ಅಂಟಿಸಿದಳು. ಮುಂಗೈಯ ಮೇಲೆ ಕಿಡಿ ಬಿದ್ದ ಚುಕ್ಕೆಗಳು ಈಗಲೂ ಇವೆ. ಗಂಡ ಬೆಕ್ತಾಸ್ ಕುದುರೆ ಕಾಯುವವನು. ಉದ್ದನೆಯ ಆಳು, ಮಾತು ಕಮ್ಮಿ. ಜನರಿಗಿಂತ ಕುದುರೆಗಳೊಂದಿಗೆ ಹೆಚ್ಚು ಆಡಿದವನು. ಮಾತಾಡುವ ಮೊದಲು ಒಂದು ಸಲ ಕೆಮ್ಮುತ್ತಿದ್ದ. ಖಾಯಿಲೆಯ ಕೆಮ್ಮಲ್ಲ, ಬಾಗಿಲು ತಟ್ಟಿದ ಹಾಗೆ. ಅವನು ಕೆಮ್ಮಿದನೆಂದರೆ ಏನೋ ಹೇಳಲಿದ್ದಾನೆಂದು ಉರ್ಕಿಯಾ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆ ಎತ್ತುವಳು. ಮೂವತ್ತು ವರ್ಷದಲ್ಲಿ ಅದು ಅಭ್ಯಾಸವಾಗಿ ಹೋಗಿತ್ತು. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ತಾಮ್ರದ ಗಣಿಯ ಪಟ್ಟಣ ಸೇರಿದ್ದರು.

ಸರ್ಕಾರಿ ಹೊಲ ಮುಚ್ಚಿತು. ಟ್ರ್ಯಾಕ್ಟರುಗಳನ್ನು ಯಾರೋ ಒಯ್ದರು, ಕುದುರೆಗಳನ್ನು ಯಾರೋ ತಿಂದರು. ಊರಿನ ಜನ ಆಕಾಶದ ತಗಡಿಗೆ ಕೈಯೊಡ್ಡಿದ್ದು ಆಮೇಲೆ.

ರಾಕೆಟ್ ಹಾರುವ ಹಿಂದಿನ ದಿನ ಊರ ಮುಖ್ಯಸ್ಥ ಮನೆಮನೆಗೆ ಚೀಟಿ ಹಂಚುತ್ತಿದ್ದ: ನಾಳೆ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಮನೆ ಬಿಟ್ಟು ಗುಡ್ಡದ ಆಚೆ ಹೋಗತಕ್ಕದ್ದು. ಜನ ಚಹಾ ಕಾಯಿಸುವ ಸಮೊವರ್ ಹೊತ್ತು, ಒಣಮೊಸರಿನ ಉಂಡೆ ಜೇಬಿಗೆ ತುಂಬಿಕೊಂಡು, ಮದುವೆಯ ದಿಬ್ಬಣದ ಹಾಗೆ ಹೋಗಿ ಕೂತು ಚಹಾ ಕುಡಿದು ಬರುತ್ತಿದ್ದರು. ನಕ್ಷೆಯಲ್ಲಿ ಒಂದು ಕೆಂಪು ಗೆರೆಯಿತ್ತು. ತುಂಡುಗಳು ಆ ಗೆರೆಯ ಒಳಗೇ ಬೀಳುತ್ತವೆ, ಗೆರೆ ಊರಿನಿಂದ ಇಪ್ಪತ್ತು ಕಿಲೋಮೀಟರು ಉತ್ತರಕ್ಕಿದೆ, ಹೆದರಬೇಡಿ ಎಂದು ಹಾರಿಸುವವರು ಹೇಳಿದ್ದರು. ಬೆಕ್ತಾಸ್ ಸಾಯುವುದಕ್ಕೆ ಮುಂಚಿನ ಶರತ್ಕಾಲದಲ್ಲಿ ಒಂದು ತುಂಡು ಗೆರೆ ಓದಲು ಬಾರದ್ದು ಬಂತು. ಊರ ಬುಗ್ಗೆಯಿಂದ ಮೂರು ಕಿಲೋಮೀಟರಿನಲ್ಲಿ, ಚಳಿಗಾಲಕ್ಕೆಂದು ಕಾದಿಟ್ಟ ಹುಲ್ಲುಗಾವಲಿನ ನಡುವೆ ಬಿತ್ತು.

ಅವತ್ತು ಸಂಜೆ ಉರ್ಕಿಯಾ ಗಂಡನಿಗೆ ಹೇಳಿದಳು:

"ಕಮಾರಕ್ಕನ ದೊಡ್ಡಿಗೆ ಆಕಾಶದ ಸೂರು ಬಂತು. ನಮ್ಮ ಕುರಿಗಳು ಇನ್ನೂ ಜೊಂಡಿನ ಕೆಳಗೆ ನೆನೀತಾ ಇವೆ. ಮನೆ ಬಾಗಿಲಿಗೇ ಬಂದು ಬಿದ್ದಿದೆ, ಜನ ಗೋಡೆಗೊರಗಿ ಕೂತು ನೋಡ್ತಾ ಇರ್ತಾರೆ."

ಬೆಕ್ತಾಸ್ ಕೆಮ್ಮಿದ. "ಬೆಳಿಗ್ಗೆ ಹೋಗ್ತೀನಿ," ಎಂದ.

ಮೂರು ದಿನ ತಗಡು ಕತ್ತರಿಸಲು ಹೋದ. ಅವಳು ಮಧ್ಯಾಹ್ನ ಚಹಾ ಒಯ್ದಾಗ ಅವನು ಗಾಳಿಗೆ ಮರೆಯೆಂದು ಬೃಹತ್ ಹಂಡೆಯಂಥ ಆ ತುಂಡಿನ ಒಳಗೇ ಕೂತು ಉಣ್ಣುತ್ತಿದ್ದ. ಒಳಮೈಗೆಲ್ಲ ಪಗಡೆ ಹಾಸಿನ ಹಾಗೆ ಚೌಕುಳಿ ಕೊರೆದಿತ್ತು. ತಳದಲ್ಲಿ ಉರಿಯದೆ ಉಳಿದ ಹಳದಿ ನೀರು ಒಂದು ಬೊಗಸೆ. ಕೊಳೆತ ಮೀನಿನ ವಾಸನೆ. ಮೀನೇ ಕಾಣದ ಊರಿನಲ್ಲಿ ಮೀನಿನ ವಾಸನೆ ಎಲ್ಲಿಂದ ಬಂತೆಂದು ಇಬ್ಬರೂ ನಕ್ಕರು. ಆಮೇಲೆ ಅವನ ಕುರಿದೊಗಲಿನ ಕೋಟು ಆ ವಾಸನೆ ಬಿಡಲೇ ಇಲ್ಲ. ಹಿಮ ಬೀಳುವ ಹೊತ್ತಿಗೆ ಕೆಮ್ಮು ಬದಲಾಯಿತು. ಕೆಮ್ಮಿದ ಮೇಲೆ ಮಾತು ಬರುತ್ತಿರಲಿಲ್ಲ, ಇನ್ನೊಂದು ಕೆಮ್ಮು ಬರುತ್ತಿತ್ತು. ಜಿಲ್ಲಾಸ್ಪತ್ರೆಯವರು ಪುಪ್ಪುಸದ ಉರಿ ಎಂದು ಬರೆದರು. ಯಾವ ಉರಿ ಎಂದು ಬರೆಯಲಿಲ್ಲ.

ಕೊನೆಯ ತಿಂಗಳು ಬಿಸಿಲು ಬಂದ ಕಡೆ ಕೂತು, ತಂದದ್ದರಲ್ಲಿ ಒಂದು ಚೂರು ತಗಡನ್ನು ತಟ್ಟಿ ತಟ್ಟಿ ದುಂಡಗೆ ಮಾಡಿ, ಅಂಚು ಮಡಚಿ, ದೊಡ್ಡ ಬಾಣಲೆಗೆ ಮುಚ್ಚಳ ಮಾಡಿಕೊಟ್ಟ. ಅವನ ಕೈಯಿಂದ ಆದ ಕೊನೆಯ ಕೆಲಸ ಅದು. ಹಿಮ ಕರಗುವ ವಾರ ಸತ್ತ.

ಉಳಿದ ತಗಡು ಅಂಗಳದಲ್ಲೇ ಬಿದ್ದಿತ್ತು. ದೊಡ್ಡಿಗೆ ಹಾಕಲು ಅವಳಿಗೆ ಕೈ ಬರಲಿಲ್ಲ. ಗೋರಿಗೆ ಹಾಕಿದರೆ ತುಕ್ಕು ಹಿಡಿಯುವುದಿಲ್ಲ, ದೂರಕ್ಕೆ ಹೊಳೆಯುತ್ತದೆ ಎಂದುಕೊಂಡಳು. ಗೋರಿ ಕೆಲಸ ಗಂಡಸರದು ಎಂದು ಮೊಲ್ಲಾ ಗೊಣಗಿದ. "ಗಂಡಸರಲ್ಲಿ ಯಾರಿಗೆ ಡ್ರಿಲ್ ಹಿಡಿಯೋಕ್ ಬರುತ್ತೆ, ಕಳಿಸಿ," ಎಂದಳು. ಯಾರೂ ಬರಲಿಲ್ಲ. ಆ ಲೋಹ ಸಾಮಾನ್ಯ ಬೆಸುಗೆಗೆ ಬಗ್ಗುವುದಿಲ್ಲವೆಂದು ಅವಳ ಕೈಗೆ ಗೊತ್ತಿತ್ತು. ಅದಕ್ಕೇ ತೂತು ಕೊರೆದು ಬೋಲ್ಟು ಬಿಗಿದಳು. ನಾಲ್ಕು ಮಗ್ಗುಲು, ಮೇಲೊಂದು ಸಣ್ಣ ಅರ್ಧಚಂದ್ರ. ಒಂದು ತಗಡಿನ ಮೇಲೆ ಕಾರ್ಖಾನೆಯವರು ಹೊಡೆದ ನಂಬರಿತ್ತು. ಚೆನ್ನಾಗಿ ಕಾಣುತ್ತದೆಂದು ಅದನ್ನೇ ರಸ್ತೆಯ ಕಡೆಗೆ ಹಾಕಿದಳು, ಮನೆ ನಂಬರಿನ ಹಾಗೆ.

ಆ ಕಡೆಯವರು ಶುಕ್ರವಾರ ಸತ್ತವರಿಗೆಂದು ಏಳು ಶೆಲ್ಪೆಕ್ ಕರಿಯುತ್ತಾರೆ. ತೆಳ್ಳಗೆ ಲಟ್ಟಿಸಿದ ರೊಟ್ಟಿ, ಕಾದ ಎಣ್ಣೆಗೆ ಬಿಟ್ಟದ್ದು. ರೊಟ್ಟಿ ತಿನ್ನುವುದು ನೆರೆಹೊರೆ. ಸತ್ತವರಿಗೆ ಸಲ್ಲುವುದು ಎಣ್ಣೆಯ ವಾಸನೆ. ಅದು ಮೇಲೆ ಹೋಗಿ ಮುಟ್ಟುತ್ತದೆ, ಮುಟ್ಟಿದವರು ಮನೆಯನ್ನು ನೆನೆದು ಹರಸಿ ತಮ್ಮ ಪಾಡಿಗೆ ಹೋಗುತ್ತಾರೆ. ಉರ್ಕಿಯಾ ಬಿಡದೆ ಕರಿದಳು. ಹೊಸ ಮುಚ್ಚಳವನ್ನು ಬೋರಲು ಹಾಕಿ, ಅದರ ಮೇಲೆ ಏಳನ್ನೂ ಒಟ್ಟಿದಳು. ಪ್ರತಿ ಶುಕ್ರವಾರವೂ ಅವನು ಬಂದು ಕೂತ. ಬೇಲಿಯ ಹೊರಗೆ, ಇವಳಿಗೆ ಬೆನ್ನು ಹಾಕಿ. ಇವಳು ದಿಬ್ಬ ಹತ್ತಿ ಹೋದರೆ ಯಾರೂ ಇಲ್ಲ. ಮಾಚಿಪತ್ರೆಯ ಗಿಡ ಒಂದಾಳು ಕೂತಷ್ಟು ಜಾಗದಲ್ಲಿ ನೆಲಕ್ಕೊರಗಿರುತ್ತಿತ್ತು. ಮೀನಿನ ವಾಸನೆ. ಹಿಂದೆ ಬಂದ ನಾಯಿ ಮೂವತ್ತು ಹೆಜ್ಜೆ ದೂರದಲ್ಲೇ ಕೂತು ಕುಂಯ್‌ಗುಡುತ್ತಿತ್ತು.

ಹೇಳಬೇಕಾದದ್ದನ್ನು ಹೇಳಿದವಳು ಓರಗಿತ್ತಿ ಕಮಾರ್. ಬೆಕ್ತಾಸನ ಅಣ್ಣನ ಹೆಂಡತಿ, ಬಾಯಿ ದೊಡ್ಡದು, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳದವಳು. ಶೆಲ್ಪೆಕ್ ತಿನ್ನಲು ಬಂದವಳು ಉರ್ಕಿಯಾ ಕಿಟಕಿಯಾಚೆ ನೋಡುವ ರೀತಿ ನೋಡಿದಳು.

"ಎಷ್ಟ್ ದಿನದಿಂದ?"

"ಏನು ಎಷ್ಟ್ ದಿನ?"

"ನನ್ನ ಹತ್ರ ಬೇಡ ಕಣೇ. ಇವತ್ತು ಏಳು ರೊಟ್ಟೀಲಿ ಮೂರು ಸೀದಿವೆ. ಇಪ್ಪತ್ತೊಂಬತ್ತು ವರ್ಷದಿಂದ ನಿನ್ ರೊಟ್ಟಿ ತಿಂತಿದ್ದೀನಿ, ಒಂದೂ ಸೀದಿರಲಿಲ್ಲ."

ಉರ್ಕಿಯಾ ಹೇಳಿದಳು. ಕಮಾರ್ ಪ್ರಾರ್ಥನೆಗೆಂಬಂತೆ ಅಂಗೈಯೆತ್ತಿ ಮುಖ ಸವರಿಕೊಂಡು, ಚಹಾ ಮುಗಿಸಿ, ಬಟ್ಟಲನ್ನು ಮಗುಚಿಟ್ಟಳು.

"ಹೋಗಲಾರದೆ ಬಿದ್ದದ್ದನ್ನ ತಂದು ಹೋಗಬೇಕಾದವನ ಸುತ್ತ ಕಟ್ಟಿದ್ದೀಯ. ಅವನಾದ್ರೂ ಎಲ್ಲಿಗೆ ಹೋಗ್ತಾನೆ? ಒಳಗೆ ಮಲಗೋಕಾಗದೆ ಹೊರಗೆ ಕೂತಿದ್ದಾನೆ. ಬೆಳ್ಳಿ ಬೇಲಿ, ಬೆಳ್ಳಿ ಬೇಲಿ ಅಂತ ಊರಿಗೆಲ್ಲ ಮೆರೆದೆ. ಜಂಬದ ಕೋಳಿ."

"ನೀನೂ ಚೆನ್ನಾಗಿದೆ ಅಂದಿದ್ದೆ."

"ನನ್ನ ದೊಡ್ಡೀಲಿ ಇರೋದು ಕುರಿ. ಅವಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ."

ಅಂದಿನಿಂದ ಉರ್ಕಿಯಾಳಿಗೆ ನಿದ್ದೆ ಹಾಳಾಗಲಿಲ್ಲ, ಹಗಲು ಹಾಳಾಯಿತು. ಬೇಲಿ ಕಟ್ಟಿದ್ದು ತಾನು. ಅದಕ್ಕೆ ಮುಂಚೆ, ಹೋಗು ಎಂದು ಅವನನ್ನು ಚುಚ್ಚಿದ್ದೂ ತಾನು. ಇದನ್ನು ಕಮಾರಳಿಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಗೊತ್ತಿದ್ದದ್ದು ಇಬ್ಬರಿಗೆ. ಅವರಲ್ಲಿ ಒಬ್ಬ ಬೆನ್ನು ಹಾಕಿ ಕೂತಿದ್ದ.

ಬೆಕ್ತಾಸನ ತಮ್ಮ ಓರಾಜ್ ಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದವನು. ಬಂದ ಸೊಸೆ ಗಂಡನ ಒಡಹುಟ್ಟಿದವರ ಹೆಸರು ಹೇಳುವ ಪದ್ಧತಿ ಅಲ್ಲಿಲ್ಲ, ಒಂದೊಂದು ಅಡ್ಡಹೆಸರಿಟ್ಟು ಕರೆಯಬೇಕು. ಉರ್ಕಿಯಾ ಮದುವೆಯಾಗಿ ಬಂದಾಗ ಅವನು ಆಗಷ್ಟೇ ಮೇಷ್ಟರಾಗಿ, ಮೂಗಿಗೆಲ್ಲ ಸೀಮೆಸುಣ್ಣದ ಪುಡಿ ಬಳಿದುಕೊಂಡು ಓಡಾಡುವ ಹುಡುಗ. ಬಳಪ ಎಂದು ಕರೆದಳು. ತಲೆಗೂದಲು ಬೆಳ್ಳಗಾದರೂ ಅವನು ಬಳಪನೇ.

"ಬಳಪಾ, ಒಂದು ವಸ್ತು ಈ ಭೂಮಿ ಬಿಟ್ಟು ಹೋಗಬೇಕಾದ್ರೆ ಏನ್ ಬೇಕು?"

"ಪಾಸ್‌ಪೋರ್ಟು."

"ಹಲ್ಲುದುರಿಸ್ತೀನಿ. ನೆಟ್ಟಗೆ ಹೇಳು."

ಓರಾಜ್ ಅಂಗಳದಲ್ಲಿದ್ದ ಒಂದು ಒಣ ಕುರಿಹಿಕ್ಕೆ ಎತ್ತಿ ಮೇಲಕ್ಕೆಸೆದ. ಅದು ಬಂದು ಅವನ ಟೋಪಿಯ ಮೇಲೆ ಬಿತ್ತು.

"ನೋಡು ಅತ್ಗೆ, ನಾನು ಎಷ್ಟು ಜೋರಾಗಿ ಎಸೀತೀನೋ ಅಷ್ಟು ಮೇಲೆ ಹೋಗುತ್ತೆ, ಆಮೇಲೆ ಭೂಮಿ ಎಳ್ಕೊಳ್ಳುತ್ತೆ. ಸೆಕೆಂಡಿಗೆ ಹನ್ನೊಂದು ಕಿಲೋಮೀಟರು ಚಿಲ್ಲರೆ ಎಸೆದ್ರೆ ಭೂಮಿ ಎಳೀತಾನೇ ಇರುತ್ತೆ, ಆದ್ರೆ ಹಿಕ್ಕೆ ಸೋಲಲ್ಲ. ನಿಲ್ಲೋದೇ ಇಲ್ಲ. ಮತ್ತೆ ಈ ಕಡೆ ಬರಲ್ಲ."

"ಭಾರ ಇದ್ರೆ ಜಾಸ್ತಿ ಬೇಕಾ?"

"ವೇಗ ಅಷ್ಟೇ. ಹಿಕ್ಕೆಗೂ ಹನ್ನೊಂದು, ರಾಕೆಟ್ಟಿಗೂ ಹನ್ನೊಂದು, ನಮ್ಮ ಮೊಲ್ಲಾನಿಗೂ ಹನ್ನೊಂದು. ಮೊಲ್ಲಾನಿಗೆ ಉರುವಲು ಜಾಸ್ತಿ ಬೇಕು, ಅದು ಬೇರೆ ಮಾತು."

"ಕಮ್ಮಿ ಸಿಕ್ರೆ?"

"ನಮ್ಮ ತಲೆ ಮೇಲೆ ಬೀಳ್ತಾವಲ್ಲ, ಅವಕ್ಕೆ ಒಂದೂವರೆಯೋ ಎರಡೋ ಸಿಕ್ಕಿರುತ್ತೆ. ಬೀಳ್ತಾವೆ. ಎಂಟು ಸಿಕ್ಕಿದ್ದು ಬೀಳಲ್ಲ. ಹೋಗೋದೂ ಇಲ್ಲ. ಸುತ್ತಾ ಇರುತ್ತೆ."

ಉರ್ಕಿಯಾ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು. "ಎಷ್ಟ್ ದಿನ ಸುತ್ತುತ್ತೆ?"

"ಅಡ್ಡ ಏನೂ ಸಿಗದಿದ್ರೆ ಎಷ್ಟು ದಿನ ಬೇಕಾದ್ರೂ."

"ಹನ್ನೊಂದು ಬೇಕು ಅನ್ನೋದು ಏನ್ ಮಾಡುತ್ತೆ ಹಂಗಾದ್ರೆ?"

"ಕಳಚುತ್ತೆ. ಖಾಲಿಯಾದ ಡಬ್ಬ ಸೊಂಟಕ್ಕೆ ಕಟ್ಕೊಂಡಿದ್ರೆ ಯಾವನಿಗೂ ವೇಗ ಸಿಗಲ್ಲ. ಮೊದಲು ಅದನ್ನ ಬಿಸಾಡಬೇಕು." ಇಷ್ಟು ಹೇಳಿ ಓರಾಜ್ ಅತ್ತಿಗೆಯ ಮುಖ ನೋಡಿದ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಕೇಳುವವರ ತಲೆಯಲ್ಲಿ ಏನು ಓಡುತ್ತಿದೆಯೆಂದು ಗೊತ್ತಾಗುತ್ತದೆ. "ಅತ್ಗೆ, ಬೇಲಿ ಮುಟ್ಟಬೇಡ."

"ನಾನ್ ಬೇಲಿ ಅಂದ್ನಾ?"

"ಕಮಾರತ್ಗೆ ಊರಿಗೆಲ್ಲ ಹೇಳಿದ್ದಾಳೆ. ಕೇಳು. ಹಾರಿಸೋರು ಏನಂತಾರೆ? ಗೆರೆ ಹೊರಗೆ ಏನೂ ಬಿದ್ದೇ ಇಲ್ಲ ಅಂತಾರೆ. ನಾನು ಆರು ಸಲ ಜಿಲ್ಲಾ ಕಚೇರಿ ಮೆಟ್ಟಿಲ ಮೇಲೆ ಕೂತು ಬಂದಿದ್ದೀನಿ, ಎರಡು ಸಲ ಪೋಲೀಸರು ಕುರಿ ಎತ್ತಿದ ಹಾಗೆ ಎತ್ತಿ ಬಿಸಾಕಿದ್ದಾರೆ. ಈಗ ವಿಚಾರಣೆಗೆ ಮೂರು ಜನ ಬರ್ತಾರಂತೆ, ಬರೋ ವಾರ. ಊರೋರು ಆ ತುಂಡಿನ ಮಿಕ್ಕ ತಗಡನ್ನೆಲ್ಲ ಗುಜರಿ ಲಾರಿಗೆ ಹಾಕಿ ಆಗಿದೆ. ನಂಬರಿರೋದು ಒಂದೇ ಒಂದು ತಗಡು ಉಳಿದಿರೋದು. ಅದು ನನ್ನಣ್ಣನ ಗೋರಿ ಮೇಲಿದೆ."

"ಹಂಗಾದ್ರೆ ಸತ್ತವನನ್ನ ಸಾಕ್ಷಿ ಅಂತ ಕೂರಿಸಿದ್ದೀಯ."

"ಕೂರಿಸಿದ್ದು ನೀನು, ಅತ್ಗೆ."

ಅವಳು ಎದ್ದು ಬಂದಳು. ಓರಾಜ್ ಸುಳ್ಳು ಹೇಳಿರಲಿಲ್ಲ, ಅದೇ ಕಷ್ಟ. ಬೇಲಿ ಇದ್ದರೆ ಗಂಡ ಹೇಗೆ ಸತ್ತನೆಂಬುದು ಒಂದು ಕಾಗದದ ಮೇಲಾದರೂ ಬರುತ್ತದೆ. ಬೇಲಿ ಇದ್ದರೆ ಗಂಡ ಹೋಗುವುದಿಲ್ಲ. ಎಂಟು ಸಿಕ್ಕವನು. ಬೀಳುವುದೂ ಇಲ್ಲ, ಹೋಗುವುದೂ ಇಲ್ಲ, ಶುಕ್ರವಾರಕ್ಕೊಮ್ಮೆ ಸುತ್ತಿ ಬರುತ್ತಾನೆ.

ಮೂರನೆಯ ದಿನ ಸುದ್ದಿ ಬಂತು. ವಿಚಾರಣೆಯವರಿಗಿಂತ ಮುಂಚೆ ಹಾರಿಸುವವರ ಒಂದು ಲಾರಿ ಹೊರಟಿದೆ, ಬಿದ್ದ ತುಂಡುಗಳನ್ನು ಊರೂರಿನಿಂದ ಎತ್ತಿಕೊಂಡು, ಹೆಬ್ಬೆಟ್ಟು ಹಾಕಿಸಿಕೊಂಡು ಹೋಗುತ್ತಿದೆ, ಶುಕ್ರವಾರ ಸರಿಬುಲಾಕಿಗೆ ಬರುತ್ತದೆ ಎಂದು. ಗುರುವಾರ ಒಂದು ಹಾರಾಟವೂ ಇತ್ತು. ಚೀಟಿ ಬಂತು. ಎಂಟರಿಂದ ಹನ್ನೆರಡರವರೆಗೆ.

ಗುರುವಾರ ಊರು ಗುಡ್ಡ ದಾಟಿತು. ಉರ್ಕಿಯಾ ದಾಟಲಿಲ್ಲ. ಟ್ರ್ಯಾಕ್ಟರ್ ಶೆಡ್ಡಿನ ಹಳೆಯ ಸ್ಪ್ಯಾನರ್ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡು, ಒಂಟೆಗೆ ಜಾರುಬಂಡಿ ಕಟ್ಟಿ, ದಿಬ್ಬ ಹತ್ತಿದಳು. ನಾಯಿ ಬರಲಿಲ್ಲ.

ಬೋಲ್ಟುಗಳು ಸುಲಭವಾಗಿ ಬಂದವು, ಅವಳೇ ಬಿಗಿದವಲ್ಲ. ಒಂದು ಮಾತ್ರ, ನಂಬರಿನ ತಗಡಿನ ಮೂಲೆಯದು, ತಿರುಗಲೊಲ್ಲದು. ಎರಡು ಕೈಯಲ್ಲಿ ತೂಗಿ ಎಳೆದಳು. ಹಿಂದಿನಿಂದ ಯಾರೋ ಕೆಮ್ಮಿದರು.

ಮೂವತ್ತು ವರ್ಷದ ಅಭ್ಯಾಸ. ಕೈ ನಿಂತಿತು, ತಲೆ ಎತ್ತಿದಳು. ತಿರುಗಿ ನೋಡಲಿಲ್ಲ. ಮಾತು ಬರಲಿಲ್ಲ. ಮತ್ತೆ ಎಳೆದಾಗ ಬೋಲ್ಟು ಕರ್ ಎಂದು ಬಿಟ್ಟಿತು.

ನಾಲ್ಕು ಮಗ್ಗುಲನ್ನೂ ಜಾರುಬಂಡಿಗೆ ಹೇರಿ, ಮೂರು ಕಿಲೋಮೀಟರು ನಡೆದಳು, ತುಂಡು ಬಿದ್ದ ಗುಂಡಿಯವರೆಗೆ. ಒಂಟೆ ಹತ್ತು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತಿತ್ತು. ಒಂಟೆ ಸುಮ್ಮನೆ ಕತ್ತು ತಿರುಗಿಸುವ ಪ್ರಾಣಿಯಲ್ಲ. ಉರ್ಕಿಯಾ ಅದರ ಮೂಗುದಾರ ಹಿಡಿದು ಮುಂದೆ ನೋಡಿಕೊಂಡು ನಡೆದಳು. ಜಾರುಬಂಡಿ ಹೊರೆಗಿಂತ ಭಾರವಾಗಿ ಎಳೆಯುತ್ತಿತ್ತು.

ಅರ್ಧ ದಾರಿಯಲ್ಲಿ ಅದು ಹಾರಿತು. ಪಡುವಣದ ಅಂಚಿನಲ್ಲಿ ಒಂದು ಬಿಳಿ ಗೀಟು, ಸದ್ದಿಲ್ಲದೆ. ಸದ್ದು ಬಂದದ್ದು ಎಷ್ಟೋ ಹೊತ್ತಿನ ಮೇಲೆ, ಕಾಲಡಿಯಿಂದ, ಯಾರದೋ ಮನೆಯ ಬಾಗಿಲು ದೂರದಲ್ಲಿ ಹಾಕಿಕೊಂಡಂತೆ. ಗೀಟಿನ ತುದಿಯಿಂದ ಒಂದು ಚುಕ್ಕೆ ಕಳಚಿಕೊಂಡದ್ದನ್ನು ಅವಳು ಕಣ್ಣಾರೆ ಕಂಡಳು. ಕಳಚಿದ್ದೇ ತಡ, ಮೇಲಿನದು ಬಾಣದಂತೆ ಹೋಯಿತು. ಕೆಳಗಿನದು ಒಂದು ಕ್ಷಣ ಅಲ್ಲೇ ನಿಂತಂತೆ ಕಂಡು ಉತ್ತರದ ಕಡೆ ಜಾರಿತು.

"ನೋಡ್ಕೋ," ಎಂದಳು ಉರ್ಕಿಯಾ, ಹಿಂದೆ ನೋಡದೆ. "ಹಂಗೆ ಮಾಡಬೇಕು."

ಗುಂಡಿಯಲ್ಲಿ ಹುಲ್ಲು ಹುಟ್ಟಿರಲಿಲ್ಲ. ಗಂಡನ ಕುರಿದೊಗಲಿನ ಕೋಟನ್ನು ಅದರೊಳಗೆ ಹಾಕಿದಳು. ಅವನ ಕೈಗವಸನ್ನೂ ಹಾಕಿದಳು. ಮೇಲೆ ಮಣ್ಣೆಳೆದು ದಿಬ್ಬ ಮಾಡಿ, ಹೆಣಕ್ಕೆ ಕೊಡುವಂತೆ ತಲೆಯ ಕಡೆಯನ್ನು ಉತ್ತರಕ್ಕೆ ಕೊಟ್ಟು, ನಾಲ್ಕು ಮಗ್ಗುಲು ಬೇಲಿ ನಿಲ್ಲಿಸಿ, ಅರ್ಧಚಂದ್ರ ಬಿಗಿದಳು. ನಂಬರು ರಸ್ತೆಯ ಕಡೆಗೆ. ಆಕಾಶದಿಂದ ಬಿದ್ದದ್ದಕ್ಕೂ ಒಂದು ಗೋರಿ ಆಯಿತು.

ಮರುದಿನ ಲಾರಿ ಬಂತು. ಗುತ್ತಿಗೆಯ ಮನುಷ್ಯ ಪಟ್ಟಣದ ಬೂಟು ಹಾಕಿದ್ದ. ಊರಿನಲ್ಲಿ ಕೇಳಿಕೊಂಡು ಗುಂಡಿಯ ಹತ್ತಿರ ಬಂದರೆ ಉರ್ಕಿಯಾ ಒಂಟೆಯ ನೆರಳಿನಲ್ಲಿ ಕೂತು ಒಣಮೊಸರು ಚೀಪುತ್ತಿದ್ದಳು. ಲಾರಿಯ ಡ್ರೈವರು ಆ ಕಡೆಯವನೇ, ಗಡ್ಡದ ಕಝಕ. ಇಳಿದವನೇ ಬೇಲಿ ನೋಡಿ, ಅಂಗೈಯೆತ್ತಿ ಮುಖ ಸವರಿಕೊಂಡು, ಬಾಯಲ್ಲಿ ಏನೋ ಹೇಳಿಕೊಂಡ.

"ಯಾರ ಗೋರಿ ಇದು?" ಬೂಟಿನವನು ಕೇಳಿದ.

"ಮೇಲಿನಿಂದ ಬಂದ ನೆಂಟಂದು. ಹೆಸರು ಗೊತ್ತಿಲ್ಲ. ನಂಬರಿದೆ, ನೀವೇ ಓದ್ಕೊಳ್ಳಿ."

"ತಮಾಷೆ ಮಾಡಬೇಡಮ್ಮ. ಒಳಗೇನಿದೆ?"

"ಅಗೆದು ನೋಡಿ. ನಾನ್ ಬೇಡ ಅಂದ್ನಾ?"

ಅವನು ಡ್ರೈವರಿನ ಕಡೆ ತಿರುಗಿದ. "ಕೊಕ್ಕೆ ಹಾಕಿ ಎಳಿಯೋ."

"ನಾನು ಗಾಡಿ ಓಡಿಸೋನು ಸ್ವಾಮಿ. ಗೋರಿ ಕೀಳೋದು ನನ್ನ ಕೆಲಸ ಅಲ್ಲ."

"ಇದು ಗೋರಿ ಅಲ್ಲ ಕಣೋ! ರಾಕೆಟ್ ತಗಡು!"

"ದಿಬ್ಬ ಇದೆ, ಬೇಲಿ ಇದೆ, ಚಂದ್ರ ಇದೆ. ನಮ್ಮವ್ವನ ಗೋರಿಗೂ ಇಷ್ಟೇ ಇರೋದು. ಬೇಕಾದ್ರೆ ನೀವೇ ಎಳೀರಿ, ನಾನು ಆ ಕಡೆ ನೋಡ್ತಿರ್ತೀನಿ. ಆಮೇಲೆ ಗಾಡೀಲಿ ನಿಮ್ಮ ಪಕ್ಕ ಕೂತ್ಕೊಳ್ಳೋಕೆ ಮಾತ್ರ ನನ್ ಕೈಲಾಗಲ್ಲ."

ಬೂಟಿನವನು ಒಂದು ತಗಡಿಗೆ ಕೈ ಹಾಕಿದ. ಹಾಕಿದವನು ಅಲ್ಲೇ ನಿಂತು ಮೂಗರಳಿಸಿದ. "ಇಲ್ಲೆಲ್ಲೋ ಮೀನು ಕೊಳೀತಾ ಇದೆಯಾ?" ಎಂದ. ಡ್ರೈವರು ಲಾರಿ ಹತ್ತಿ ಎಂಜಿನ್ ಹಾಕಿದ್ದ. ನೂರು ಕಿಲೋಮೀಟರು ನಡೆಯುವುದಕ್ಕೆ ಆ ಬೂಟು ಬರುವಂಥದ್ದಲ್ಲ. ಹತ್ತಿ ಹೋದ.

ಮುಂದಿನ ವಾರ ವಿಚಾರಣೆಯ ಮೂವರು ಬಂದರು. ಫೋಟೋ ತೆಗೆದರು, ನಂಬರು ಬರೆದುಕೊಂಡರು, ಅಳತೆ ಹಿಡಿದರು. ಯಾರು ಕತ್ತರಿಸಿದ್ದು ಎಂದು ಕೇಳಿದರು. "ನನ್ನ ಗಂಡ," ಎಂದಳು ಉರ್ಕಿಯಾ. "ಹೋಗು ಅಂತ ಕಳಿಸಿದ್ದು ನಾನು. ಅದನ್ನೂ ಬರ್ಕೊಳ್ಳಿ." ಬರೆಯುತ್ತಿದ್ದವನು ಅದನ್ನು ಬರೆಯಬೇಕೋ ಬೇಡವೋ ಎಂದು ಪಕ್ಕದವನ ಮುಖ ನೋಡಿದ. ಓರಾಜ್ ಅತ್ತಿಗೆಯ ಮುಖ ನೋಡಿ ತಲೆ ತಗ್ಗಿಸಿದ.

ಉತ್ತರ ಬರಲು ಹತ್ತು ತಿಂಗಳಾಯಿತು. ಒಂದು ಕಾಗದ, ಜೊತೆಗೆ ಒಂದು ಹೊಸ ನಕ್ಷೆ. ಕೆಂಪು ಗೆರೆಯನ್ನು ದಕ್ಷಿಣಕ್ಕೆ ಎಳೆದಿದ್ದರು. ಬುಗ್ಗೆ, ಹುಲ್ಲುಗಾವಲು, ಸ್ಕೂಲು, ಸ್ಮಶಾನ ಎಲ್ಲವೂ ಈಗ ಗೆರೆಯ ಒಳಗೆ. ಆದ್ದರಿಂದ ಗೆರೆಯ ಹೊರಗೆ ಏನೂ ಬಿದ್ದಿರಲಿಲ್ಲ. ಓರಾಜ್ ಅದನ್ನು ಎರಡು ಸಲ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಮರುದಿನ ಏಳನೆಯ ಸಲ ಜಿಲ್ಲಾ ಕಚೇರಿಯ ಮೆಟ್ಟಿಲ ಮೇಲೆ ಕೂರಲು ಹೊರಟ. ಈ ಸಲ ಅವನ ಹಿಂದೆ ಹದಿನಾರು ಜನ ಹೋದರು. ಉರ್ಕಿಯಾ ಸ್ಪ್ಯಾನರನ್ನೂ ತೆಗೆದುಕೊಂಡು ಹೋದಳು. ಯಾಕೆಂದು ಯಾರೂ ಕೇಳಲಿಲ್ಲ.

ಬೆಕ್ತಾಸನ ಗೋರಿ ಈಗ ಬರೀ ಮಣ್ಣಿನ ದಿಬ್ಬ. ಲಾರಿ ಬಂದುಹೋದ ಮರುವಾರದ ಶುಕ್ರವಾರ ಉರ್ಕಿಯಾ ಕಿಟಕಿಯಲ್ಲಿ ಕಣ್ಣಿಟ್ಟು ಕಾದಳು. ಯಾರೂ ಬರಲಿಲ್ಲ. ಮುಂದಿನ ಶುಕ್ರವಾರವೂ ಇಲ್ಲ. ಮಾಚಿಪತ್ರೆ ನೆಟ್ಟಗೆ ನಿಂತಿತ್ತು, ನಾಯಿ ದಿಬ್ಬದ ಮೇಲೆ ಹೋಗಿ ಬಿಸಿಲು ಕಾಯಿಸಿತು. ರಾಕೆಟ್ಟಿನ ಗೋರಿಯ ಹತ್ತಿರ ಯಾರಾದರೂ ಕಂಡರೇ ಎಂದು ಕುರಿ ಕಾಯುವವರನ್ನು ಕೇಳಿದಳು. ಇಲ್ಲ ಎಂದರು. ಏಳಕ್ಕೆ ಏಳು ಶೆಲ್ಪೆಕ್ಕೂ ಸೀಯದೆ ಬಂದವು.

"ಹೋದ," ಎಂದಳು ಕಮಾರ್, ರೊಟ್ಟಿ ಮುರಿಯುತ್ತಾ. "ಹನ್ನೊಂದೋ ಹನ್ನೆರಡೋ ಸಿಕ್ತು ಅಂತ ಕಾಣುತ್ತೆ."

ರೊಟ್ಟಿ ಖಾಲಿಯಾಗಿ, ಕಾದಿದ್ದ ಮುಚ್ಚಳ ಆರುತ್ತಿತ್ತು. ಆ ತಗಡು ಆರುವಾಗ ಒಂದು ಸದ್ದು ಮಾಡುತ್ತದೆ, ಬಾಗಿಲು ತಟ್ಟಿದಂತೆ, ಒಂದೇ ಸಲ. ಉರ್ಕಿಯಾ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು ತಲೆ ಎತ್ತಿದಳು. ಕಮಾರಳೂ ಕೇಳಿಸಿಕೊಂಡಳು. ಮುಚ್ಚಳ ನೋಡಿದಳು, ಅದರ ಮಡಚಿದ ಅಂಚು ನೋಡಿದಳು, ಚೌಕುಳಿ ಕೊರೆದ ಮೈ ನೋಡಿದಳು. ಅಗಿಯುವುದನ್ನು ನಿಲ್ಲಿಸಿದಳು.

"ಲೇ ಉರ್ಕಿಯಾ. ಇದೂ ಅದರದ್ದೇ ಅಲ್ವೇನೇ?"

"ಹೂಂ."

"ಇದನ್ನೂ ಒಯ್ದು ಅಲ್ಲೇ ಹೂತು ಬಾ. ಇವತ್ತೇ. ನಾನೂ ಬರ್ತೀನಿ ನಡಿ."

ಉರ್ಕಿಯಾ ಮುಚ್ಚಳ ಎತ್ತಿಕೊಂಡು ಒರೆಸಿದಳು. ಇನ್ನೂ ಬಿಸಿಯಿತ್ತು. ಬಾಣಲೆಯ ಮೇಲೆ ಸರಿಯಾಗಿ ಕೂರಿಸಿದಳು. ಅಳತೆ ನೋಡಿ ತಟ್ಟಿದ್ದು, ಎಲ್ಲೂ ಸಂದಿಲ್ಲ.

"ಬಾಣಲೆಗೆ ಮುಚ್ಚಳ ಬೇಡ್ವೇನಕ್ಕ?" ಎಂದಳು.

ಕಮಾರ್ ಎದ್ದು, ಮುಖ ಸವರಿಕೊಂಡು, ಚಪ್ಪಲಿ ಮೆಟ್ಟಿ ಹೋದಳು. ಉರ್ಕಿಯಾ ಒಲೆಯ ಮುಂದೆ ಕೂತಳು. ಒಲೆಯಲ್ಲಿ ಬೆರಣಿಯ ಕೆಂಡ ಬೂದಿಯಾಗುತ್ತಿತ್ತು, ತಗಡು ಆರುತ್ತಿತ್ತು. ಅದು ಇನ್ನೊಂದು ಸಲ ಕೆಮ್ಮಿತು. ಮೀನಿನ ವಾಸನೆ ಬಂತು, ತೆಳ್ಳಗೆ. ಅವಳು ತಲೆ ಎತ್ತಿಕೊಂಡೇ ಕೂತಿದ್ದಳು, ಅವನು ಏನು ಹೇಳಲಿದ್ದಾನೆ ಎಂದು.